ತಿಳಿ ಹೊನ್ನಿನ ಆದೇಶ

ನಮ್ಮೂರಿನ ಸಹಕಾರ ಸಂಘದಲ್ಲಿ ಒಬ್ಬ ಗುಮಾಸ್ತೆ ಇದ್ದಳು. ಹಾಸ್ಟೆಲಿನಲ್ಲಿದ್ದ ಮಗಳನ್ನು ನೋಡಲು ಅವಳಿಗಿದ್ದದ್ದು ಭಾನುವಾರವೊಂದೇ. ಕಾರ್ಯದರ್ಶಿ ವೃಷಭೇಂದ್ರಯ್ಯನವರು ಅದಕ್ಕೂ ಕೈಹಾಕಿದರು.

“ಇನ್ನು ಭಾನುವಾರವೂ ಎಲ್ಲರೂ ಬರಬೇಕು. ಬಾರದವರಿಗೆ ಕೆಲಸವಿಲ್ಲ. ಸಂಘದ ಫೋನ್ ಗ್ರೂಪಿಗೆ ಹಾಕಮ್ಮ. ನನ್ನ ಮೆಸೇಜು ಕಂಡವರ ಮೆಸೇಜಿನ ಹಾಗಿರಬಾರದು, ಬಣ್ಣದಲ್ಲಿರಬೇಕು,” ಎಂದು ತಮ್ಮ ಫೋನು ಕೊಟ್ಟರು.

ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಅವರು ಮಾತ್ರ ತಮ್ಮ ಫೋನಿನ ಪರದೆಯ ಹಿನ್ನೆಲೆಯನ್ನು ಕಪ್ಪು ಮಾಡಿಸಿಕೊಂಡಿದ್ದರು, ಉಳಿದವರದೆಲ್ಲ ಬಿಳಿ. ಗುಮಾಸ್ತೆ ಫೋನು ತೆಗೆದುಕೊಂಡು ಆದೇಶವನ್ನು ಟೈಪು ಮಾಡಿದಳು.

“ನಿಮ್ಮ ಘನತೆಗೆ ತಿಳಿ ಹೊನ್ನಿನ ಬಣ್ಣವೇ ಸರಿ, ಸಾರ್.”

ಕಪ್ಪಿನ ಮೇಲೆ ಅಕ್ಷರಗಳು ಜರಿಯಂತೆ ಹೊಳೆದವು. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಆದರೆ ಭಾನುವಾರ ಕಚೇರಿಗೆ ಬಂದವರು ಕಾರ್ಯದರ್ಶಿಗಳೊಬ್ಬರೇ.

ಸೋಮವಾರ ಗುಡುಗಿದರು: “ಕೈ ಮುಗಿದಿರಲ್ಲ, ಓದಲಿಲ್ಲವೇನ್ರಯ್ಯಾ?”

ಜವಾನ ತನ್ನ ಬಿಳಿ ಪರದೆ ತೋರಿಸಿದ. “ಅಕ್ಷರವೇ ಕಾಣಲಿಲ್ಲ ಸಾರ್. ನೀವು ಖಾಲಿ ಕಳಿಸಿದರೂ ನಾವು ಕೈ ಮುಗಿಯಬೇಕಲ್ಲ?”

ತಮ್ಮ ಫೋನಿನ ಕಪ್ಪು ಪರದೆಯಲ್ಲಿ ಎಲ್ಲರ ಅಕ್ಷರವನ್ನೂ ಬಿಳಿಯಾಗಿಯೇ ಕಂಡಿದ್ದ ಕಾರ್ಯದರ್ಶಿಗಳು ಗುಮಾಸ್ತೆಯ ಕಡೆ ತಿರುಗಿದರು. “ಹಾಳು ಬಣ್ಣ! ಮಾಮೂಲಿ ಬಿಳಿ ಅಕ್ಷರದಲ್ಲೇ ಹಾಕಮ್ಮ!”

“ಆಗಲಿ ಸಾರ್,” ಎಂದು ಅವಳು ಬಿಳಿ ಬಣ್ಣವನ್ನೇ ಆರಿಸಿದಳು.

ಈ ಭಾನುವಾರವೂ ಬರುತ್ತೇನೆಂದು ಸಂಜೆ ಮಗಳಿಗೆ ಹೇಳಿದಳು. ಅದರ ಮುಂದಿನ ಭಾನುವಾರಕ್ಕೆ ಮಾತು ಕೊಡುವ ಧೈರ್ಯ ಮಾತ್ರ ಅವಳಿಗೂ ಇರಲಿಲ್ಲ.