ಬಾಯಿಗೆ ಬಿಡದ ನೀರು

"ಗುರುಗಳೇ, ಕೈ ನಡುಗಿದವನಿಗೆ ಚೀಲ ಮರಳಿ ಕೊಡಬೇಕೋ, ಬೇರೆಯವನಿಗೆ ಕೊಡಬೇಕೋ?"

ತಿರುಮಲಯ್ಯ ಹೀಗೆ ಕೇಳಿದಾಗ ಗುರುಗಳು ತುಳಸಿಕಟ್ಟೆಗೆ ನೀರು ಹಾಕುತ್ತಿದ್ದರು. "ಯಾವ ಚೀಲವಪ್ಪ?" ಎಂದರು.

ತಿರುಮಲಯ್ಯ ಹೇಳಿಕೊಂಡ. ಅವನ ಸೀಮೆಗೆ ಆಸ್ಪತ್ರೆ ದೂರ. ಆಂಬುಲೆನ್ಸ್ ಬಂದು ಮುಟ್ಟುವಷ್ಟರಲ್ಲಿ ಎಷ್ಟೋ ಜೀವಗಳು ಹೋಗಿಬಿಡುತ್ತಿದ್ದವು. ಅದಕ್ಕಾಗಿ ಊರಿಗೊಬ್ಬನನ್ನು ಆರಿಸಿ, ಆಸ್ಪತ್ರೆಯವರಿಂದ ತರಬೇತಿ ಕೊಡಿಸಿ, ಗಾಯಕ್ಕೆ ಕಟ್ಟುವ ಬಟ್ಟೆ, ಹತ್ತಿ ಇರುವ ಒಂದು ಚೀಲವನ್ನು ಅವನ ಹೆಗಲಿಗೆ ಹಾಕುವ ಕೆಲಸವನ್ನು ತಿರುಮಲಯ್ಯ ಮೈಮೇಲೆ ಹಾಕಿಕೊಂಡಿದ್ದ. ಯಾರಾದರೂ ಬಿದ್ದರೆ ಮೊದಲು ಓಡಬೇಕಾದವನು ಈ ಚೀಲದವನು. ಆರಿಸುವಾಗ ಅವನು ನೋಡಿದ್ದು ಒಂದೇ ಗುಣ. ರಕ್ತ ಕಂಡರೆ ಕೈ ನಡುಗಬಾರದು.

ಹಿಟ್ಟಿನ ಗಿರಣಿಯ ಚಲುವಯ್ಯ ಅಂಥವನು. ಹಲವರ ಗಾಯವನ್ನು ಒತ್ತಿ ಹಿಡಿದು ಬದುಕಿಸಿದ್ದ. ಮೊನ್ನೆ ಅವನ ತಮ್ಮನ ಕೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತು. ಚಲುವಯ್ಯ ಚೀಲ ಬಿಚ್ಚಲಿಲ್ಲ. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾ ಕೂತ. ರಕ್ತ ಹರಿಯುತ್ತಲೇ ಇತ್ತು. ತಮ್ಮ ಈಗ ಆಸ್ಪತ್ರೆಯಲ್ಲಿದ್ದಾನೆ. ಉಳಿಯುತ್ತಾನೋ ಇಲ್ಲವೋ, ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ. ಚಲುವಯ್ಯ ಚೀಲವನ್ನು ತಂದು ತಿರುಮಲಯ್ಯನ ಜಗುಲಿಯ ಮೇಲಿಟ್ಟು ಹೊರಟುಹೋದ.

"ಕಂಡವರಿಗೆಲ್ಲ ಕಟ್ಟು ಕಟ್ಟಿದ, ಒಡಹುಟ್ಟಿದವನಿಗೆ ಕಣ್ಣೀರು ಹಾಕಿದ, ಬೇರೆ ಯಾರನ್ನಾದರೂ ನೋಡಯ್ಯಾ ಅನ್ನುತ್ತಾರೆ ಊರವರು. ಅವರು ಅಂದದ್ದೂ ಸರಿ ಅನ್ನಿಸುತ್ತದೆ. ಚಲುವಯ್ಯನ ಮುಖ ನೆನೆದರೆ ತಪ್ಪು ಅನ್ನಿಸುತ್ತದೆ. ನನಗೆ ಏನೂ ತೋಚುತ್ತಿಲ್ಲ ಗುರುಗಳೇ."

ಗುರುಗಳು ಚೊಂಬನ್ನು ಪಕ್ಕಕ್ಕಿಟ್ಟು ಕಟ್ಟೆಯ ಅಂಚಿನಲ್ಲಿ ಕೂತರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನೂ ಹೀಗೆಯೇ ಕಲಿತವನು, ಚೀಲ ಹೊತ್ತವನು. ಅವನ ಕೇರಿಯಲ್ಲೇ ಒಬ್ಬ ತಾಯಿ ಇದ್ದಳು. ಅವಳಿಗೆ ಒಬ್ಬನೇ ಮಗ. ಒಂದು ದಿನ ಆ ಮಗ ಬೆಳೆಗೆ ಹುಳದ ಔಷಧಿ ಹೊಡೆಯುತ್ತಾ ಹೊಲದಲ್ಲೇ ಕುಸಿದುಬಿದ್ದ. ರೈತ ಓಡಿಬಂದ. ಔಷಧಿ ಹತ್ತಿದ ಬಟ್ಟೆಯನ್ನು ಬಿಚ್ಚಿಸಿ, ಕೊಡಗಟ್ಟಲೆ ನೀರು ಸುರಿದು ಮೈ ತೊಳೆದ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದ. ಮಗನ ಗಂಟಲು ಗೊರಗೊರ ಅನ್ನುತ್ತಿತ್ತು. ತಾಯಿಗೆ ಅದು ಕೊನೆಯ ಉಸಿರಿನಂತೆ ಕೇಳಿಸಿತು. ಹೋಗುವ ಜೀವ ಬಾಯಾರಿ ಹೋಗಬಾರದೆಂದು ಲೋಟದಲ್ಲಿ ತುಳಸಿ ನೀರು ತಂದು ಅವನ ಬಾಯಿಗೆ ಬಿಡಲು ಬಗ್ಗಿದಳು. ರೈತ ಅವಳ ಕೈ ಹಿಡಿದ.

"ಬೇಡ ಅಕ್ಕಾ. ಎಚ್ಚರ ಇಲ್ಲದವನ ಬಾಯಿಗೆ ನೀರು ಬಿಟ್ಟರೆ ಉಸಿರು ಕಟ್ಟುತ್ತೆ."

"ಮೈಗೆ ಬಾವಿ ನೀರನ್ನೆಲ್ಲ ಸುರಿದೆಯಲ್ಲೋ, ಬಾಯಿಗೆ ಒಂದು ತೊಟ್ಟು ಬೇಡವಾ? ಬಿಡೋ ಕೈ!"

ಅವನು ಬಿಡಲಿಲ್ಲ. ಆಂಬುಲೆನ್ಸ್ ಬಂತು. ಮಗ ಬದುಕಿದ.

ತಾಯಿ ರೈತನನ್ನು ಹರಸುತ್ತಾಳೆ ಎಂದು ಊರು ಕಾದಿತ್ತು. ಅವಳು ಅವನೊಡನೆ ಮಾತು ಬಿಟ್ಟಳು. ನಲ್ಲಿಯ ಹತ್ತಿರ ಅವನ ಹೆಂಡತಿ ಕಂಡರೂ ಮುಖ ತಿರುಗಿಸುತ್ತಿದ್ದಳು. "ನನ್ನ ಮಗನನ್ನು ಒಣಬಾಯಲ್ಲಿ ಕಳಿಸಲು ನಿಂತಿದ್ದ" ಎಂದು ಎಲ್ಲರ ಮುಂದೆ ಹೇಳುತ್ತಿದ್ದಳು. "ಬದುಕಿದನಲ್ಲಮ್ಮಾ" ಎಂದು ಯಾರಾದರೂ ಅಂದರೆ, "ಬದುಕದೆ ಹೋಗಿದ್ದರೆ?" ಎಂದು ಕೇಳುತ್ತಿದ್ದಳು.

ಈ ಮಾತು ರೈತನ ಕಿವಿಗೂ ಬಿತ್ತು. ಅವನು ದೇವರಿಗೆ ದೀಪ ಹಚ್ಚದೆ ಅನ್ನ ಮುಟ್ಟದವನು. ದೀಪ ಹಚ್ಚುವಾಗೆಲ್ಲ ಆ ಮಾತು ಬಂದು ಎದುರಿಗೆ ನಿಲ್ಲುತ್ತಿತ್ತು. ಬದುಕದೆ ಹೋಗಿದ್ದರೆ? ಆಸ್ಪತ್ರೆಯವರು ಅವನಿಗೆ ಬಹಳ ಕಲಿಸಿದ್ದರು. ಇದಕ್ಕೆ ಉತ್ತರ ಕಲಿಸಿರಲಿಲ್ಲ.

ಮುಂದಿನ ಸುಗ್ಗಿ ಬಂತು. ಕಣದಲ್ಲಿ ರಾಗಿ ತೂರುತ್ತಿದ್ದ ರೈತನ ತಂದೆ ನಿಂತಲ್ಲೇ ಬಿದ್ದ. ಬಾಯಿ ಸೊಟ್ಟಗಾಯಿತು. ಗಂಟಲು ಗೊರಗೊರ ಅನ್ನತೊಡಗಿತು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ರೈತ ಬಂದ. ಚೀಲ ಹೆಗಲ ಮೇಲೇ ಇತ್ತು. ಮಗ್ಗುಲಿಗೆ ಹೊರಳಿಸಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ ಮಾತು. ಬದುಕದೆ ಹೋದರೆ?

"ತುಳಸಿ ನೀರು ತನ್ನಿ" ಎಂದು ಕೂಗಿದ.

ಯಾರೋ ತಂದುಕೊಟ್ಟರು. ಕಲಿತವನೇ ಕೇಳುತ್ತಿರುವಾಗ ಬೇಡ ಎನ್ನುವವರು ಯಾರು? ಲೋಟ ಮುದುಕನ ತುಟಿಯ ಹತ್ತಿರಕ್ಕೆ ಹೋಯಿತು. ಆಗ ಪಕ್ಕದಿಂದ ಒಂದು ಕೈ ಬಂದು ರೈತನ ಮಣಿಕಟ್ಟನ್ನು ಹಿಡಿಯಿತು. ತಲೆ ಎತ್ತಿ ನೋಡಿದರೆ, ಆ ತಾಯಿ.

"ಏನೋ ಇದು? ನನ್ನ ಮಗನಿಗೊಂದು ನ್ಯಾಯ, ನಿಮ್ಮಪ್ಪನಿಗೊಂದು ನ್ಯಾಯವಾ? ನನಗೆ ಬೇಡ ಅಂದೆಯಲ್ಲ, ನಿನಗೂ ಬೇಡ."

ರೈತ ಕೊಸರಿದ. ಅವಳು ಬಿಡಲಿಲ್ಲ. ನೀರೆಲ್ಲ ಕಣದ ನೆಲಕ್ಕೆ ಚೆಲ್ಲಿತು. ಬರಿದಾದ ಲೋಟವನ್ನು ನೋಡುತ್ತಾ ನೋಡುತ್ತಾ ಅವನಿಗೆ ಕಲಿತದ್ದು ಒಂದೊಂದಾಗಿ ನೆನಪಾಯಿತು. ತಂದೆಯನ್ನು ಮಗ್ಗುಲಿಗೆ ಹೊರಳಿಸಿದ. ಬಾಯಲ್ಲಿ ಕಟ್ಟಿಕೊಂಡಿದ್ದ ಜೊಲ್ಲು ಹೊರಗೆ ಹರಿಯಿತು. ಉಸಿರು ಸಲೀಸಾಯಿತು. ಮುದುಕನಿಗೆ ಒಂದು ಕೈಯ ಸ್ವಾಧೀನ ಹೋಯಿತು, ಜೀವ ಉಳಿಯಿತು.

ಆಸ್ಪತ್ರೆಯಿಂದ ತಂದೆ ಮನೆಗೆ ಬಂದ ಮೇಲೆ ರೈತ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಆ ತಾಯಿಯ ಮನೆಗೆ ಹೋದ. "ಅಕ್ಕಾ, ನಮ್ಮಪ್ಪನನ್ನು ಉಳಿಸಿದೆ" ಎಂದು ಕೈಮುಗಿದ.

"ನಿಮ್ಮಪ್ಪನನ್ನು ಉಳಿಸೋದಕ್ಕೆ ಯಾರು ಬಂದಿದ್ದರು? ನಿನ್ನ ಕೈ ಹಿಡಿಯೋದಕ್ಕೆ ಬಂದಿದ್ದೆ. ಅವತ್ತಿನ ಸಿಟ್ಟು ಹಾಗೇ ಇತ್ತು" ಎಂದು ಹಣ್ಣು ತೆಗೆದುಕೊಂಡು ಒಳಗೆ ಹೋದಳು. ಒಳಗಿನಿಂದಲೇ ಕೇಳಿದಳು. "ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡೀತೀಯಾ?"

ರೈತ ನೀರು ಕುಡಿದು ಮನೆಯ ದಾರಿ ಹಿಡಿದ. ತಾನು ಕೈಮುಗಿದದ್ದು ಅವಳ ಕರುಣೆಗೋ ಅವಳ ಸಿಟ್ಟಿಗೋ ಎಂಬುದು ಅವನಿಗೆ ಮನೆ ಮುಟ್ಟುವವರೆಗೂ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ತಿರುಮಲಯ್ಯ ಕಾದ. ಆ ರೈತನೇ ಚಲುವಯ್ಯ ಎಂದು ಅವನು ಮೊದಲು ಅಂದುಕೊಂಡಿದ್ದ. ಆಮೇಲೆ ಆ ತಾಯಿಯ ಮಾತು ಊರವರ ಮಾತಿನಂತೆ ಕೇಳಿಸಿತು. ಕೊನೆಗೆ ಯಾರು ಯಾರೆಂಬುದೇ ಕಲಸಿಹೋಯಿತು.

"ಗುರುಗಳೇ, ಒಂದು ಗೊಂದಲ ಹೊತ್ತು ಬಂದೆ, ಈಗ ಎರಡಾಯಿತು. ಅವಳು ಮಾಡಿದ್ದು ಪುಣ್ಯವೋ, ಸೇಡೋ? ಆ ರೈತನ ಚೀಲ ಅವನ ಹತ್ತಿರವೇ ಉಳಿಯಿತೋ, ಕಿತ್ತುಕೊಂಡರೋ?"

"ಅದನ್ನು ಆ ಊರಿನವರು ನೋಡಿಕೊಂಡಿರುತ್ತಾರೆ" ಎಂದು ಗುರುಗಳು ಚೊಂಬನ್ನು ಎತ್ತಿಕೊಂಡು ಎದ್ದರು. "ನೀನು ಊರಿಗೆ ಒಬ್ಬನನ್ನು ಆರಿಸಿದೆಯಲ್ಲ ತಿರುಮಲಯ್ಯ, ಆ ಒಬ್ಬನ ಕೈ ಹಿಡಿಯಲು ಆ ಊರಿನಲ್ಲಿ ಯಾರನ್ನು ಇಟ್ಟಿದ್ದೆ?"