ಮೂತಿಗೆ ತೂಗುವ ಕಬ್ಬಿಣ

ದೊಡ್ಡ ಜಮೀನೊಂದಕ್ಕೆ ಹೊಸದಾಗಿ ಬಂದ ಭಾರಿ ಟ್ರ್ಯಾಕ್ಟರು, ಬಂದ ದಿನವೇ ಶೆಡ್ಡಿನ ಸಲಕರಣೆಗಳನ್ನೆಲ್ಲ ವಿಚಾರಿಸಿತು. ತನ್ನ ಶಕ್ತಿಗೆ ತಕ್ಕ ಜೊತೆ ಬೇಕೆಂಬುದು ಅದರ ಆಸೆ.

"ನಾನು ಮೊಣಕೈಯಾಳದ ಮಣ್ಣನ್ನು ಬುಡಮೇಲು ಮಾಡುವೆ," ಎಂದಿತು ಪಲ್ಟಿ ನೇಗಿಲು.

"ನೀನು ಬಾ," ಎಂದಿತು ಟ್ರ್ಯಾಕ್ಟರು. "ಅಲ್ಲಿ ಮೂಲೆಯಲ್ಲಿ ಬಿದ್ದಿರುವ ನೀನು ಯಾರು?"

"ತೂಕದ ಕಬ್ಬಿಣ. ನಿಮ್ಮ ಮೂತಿಗೆ ಜೋತುಬೀಳುವೆ."

"ಬಿದ್ದು ಏನು ಮಾಡುವೆ?"

"ಸುಮ್ಮನಿರುವೆ."

"ಕೂತು ತಿನ್ನುವವರನ್ನು ಹೊರಲು ನಾನು ಬಂದಿಲ್ಲ," ಎಂದು ಟ್ರ್ಯಾಕ್ಟರು ನೇಗಿಲನ್ನಷ್ಟೇ ಕಟ್ಟಿಕೊಂಡು ಹೊರಟೇಬಿಟ್ಟಿತು.

ಕಾಲುವೆಯ ಏರಿ ಹತ್ತುವಾಗ, ಹಿಂದೆ ಎತ್ತಿ ಹಿಡಿದಿದ್ದ ನೇಗಿಲಿನ ಭಾರಕ್ಕೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟವು.

"ಎಡಕ್ಕೆ ತಿರುಗು, ಎದುರಿಗೆ ಕಾಲುವೆ!" ಎಂದು ನೇಗಿಲು ಕೂಗಿತು.

"ತಿರುಗಿಯೇ ಇದ್ದೇನೆ. ಗಾಲಿಗಳು ಗಾಳಿಯಲ್ಲಿ ತಿರುಗಿವೆ," ಎಂದಿತು ಟ್ರ್ಯಾಕ್ಟರು.

ಚಾಲಕ ಯಮನೂರಪ್ಪ ಥಟ್ಟನೆ ನೇಗಿಲನ್ನು ನೆಲಕ್ಕಿಳಿಸಿದ. ಮೂತಿ ಧೊಪ್ಪನೆ ಕೆಳಗೆ ಬಂತು. ಕಾಲುವೆಯ ಅಂಚಿಗೆ ಗೇಣು ದೂರದಲ್ಲಿ ಟ್ರ್ಯಾಕ್ಟರು ನಿಂತಿತು. ಅವನು ನೇಗಿಲನ್ನು ಅಲ್ಲೇ ಕಳಚಿಟ್ಟು, ಟ್ರ್ಯಾಕ್ಟರನ್ನು ಶೆಡ್ಡಿಗೆ ತಿರುಗಿಸಿದ.

"ದಯಮಾಡಿ ಬನ್ನಿ," ಎಂದು ಟ್ರ್ಯಾಕ್ಟರು ಕಬ್ಬಿಣವನ್ನು ಕರೆಯಿತು. ಕಬ್ಬಿಣ ಬಂದು ಅದರ ಮೂತಿಗೆ ಜೋತುಬಿತ್ತು.

ನೇಗಿಲನ್ನು ಮತ್ತೆ ಕಟ್ಟಿಕೊಂಡು ಏರಿ ಹತ್ತುವಾಗ ಈ ಸಲ ಮುಂದಿನ ಗಾಲಿಗಳು ನೆಲ ಬಿಡಲಿಲ್ಲ. ಸಂಜೆಯೊಳಗೆ ಎಂಟು ಎಕರೆ ಉತ್ತು ಮುಗಿಯಿತು. ನೋಡಬಂದ ಊರವರು ನೇಗಿಲನ್ನು ಸುತ್ತುವರಿದು, ಅದರ ಅಲಗು ಸವರಿ ಹೊಗಳಿದರು. ಕಬ್ಬಿಣದ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಟ್ರ್ಯಾಕ್ಟರಿಗೆ ಅದನ್ನು ತಾಳಲಾಗಲಿಲ್ಲ.

"ನಿಮಗೆ ಬೇಸರವಿಲ್ಲವೆ?" ಎಂದು ಮೆಲ್ಲಗೆ ಕೇಳಿತು.

"ಇಲ್ಲ," ಎಂದಿತು ಕಬ್ಬಿಣ. "ಇವರು ನನ್ನನ್ನು ನೆನೆಯುವ ದಿನ ನೀವು ಕಾಲುವೆಯಲ್ಲಿರುತ್ತೀರಿ."