ದ್ಯಾವ್ಯಾನ ಫೋನಿಗೆ ಏಳು ಕಾವಲು

ನಗೋರು ನಗ್ರಿ, ಆದರೆ ಕಡೀತನಕ ಕೇಳ್ರಿ.

ಗದಗಿನ ಒಂದು ಓಣಿಯಲ್ಲಿ ರೊಟ್ಟಿ ಕಲ್ಲವ್ವ ಇದ್ದಳು. ಅವಳ ರೊಟ್ಟಿಗೆ ಗಿರಾಕಿ ಬರೋದೇ ಫೋನಿನಲ್ಲಿ. ಕೈತುಂಬ ಹಿಟ್ಟು ಇರತಿತ್ತಲ್ಲ, ಫೋನು ಕಾಯೋ ಕೆಲಸ ಮಗ ದ್ಯಾವ್ಯಾನದು. ಮಗನೋ, ಹೇಳಿದ್ದು ಬಿಟ್ಟು ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗದವನು!

ಒಂದು ದಿನ ಫೋನಿನಲ್ಲಿ ಮಿಣಮಿಣ ಅಂತು: "ಅಪಾಯ! ಇಲ್ಲಿ ಒತ್ತಿ, ಆಂಟಿವೈರಸ್ ಹಾಕಿಕೊಳ್ಳಿ." ಒತ್ತಿದ. ಮತ್ತೊಂದು ಬಂತು. ಅದನ್ನೂ ಒತ್ತಿದ. ಹೀಗೇ ಒತ್ತಿ ಒತ್ತಿ ಏಳು ಹಾಕಿಕೊಂಡ.

"ಅವ್ವಾ, ನಮ್ಮ ಫೋನಿಗೆ ಏಳು ಕಾವಲು! ಓಣ್ಯಾಗ ಯಾರಿಗೈತಿ?"

ಫೋನು ಹೆಂಚಿನಂತೆ ಕಾದಿತ್ತು. ಕಲ್ಲವ್ವ ಮಗನನ್ನೂ ಎಳಕೊಂಡು ಮೊಬೈಲ್ ಅಂಗಡಿ ಇಮಾಮ್‌ಸಾಬರ ಹತ್ತಿರ ಓಡಿದಳು. ಅವರು ಏಳನ್ನೂ ಕಿತ್ತು ಹಾಕಿದರು.

"ಫೋನಿಗೆ ಅದರೊಳಗಿನ ಕಾವಲೇ ಸಾಕವ್ವಾ. ಕಾವಲು ಬೇಕಾಗಿದ್ದು ನಿನ್ನ ಮಗನ ಬೆರಳಿಗೆ!"

"ಕೇಳಿದ್ಯೇನೋ ಪೆದ್ದ? ಇನ್ನ ಏನೂ ಒತ್ತಬ್ಯಾಡ!"

"ಆತವ್ವಾ!"

ಮರುದಿನ ಮದುವೆ ಮನೆಯವರ ಫೋನು ಬಂತು. ಬಡಕೊಂಡಿತು, ಬಡಕೊಂಡಿತು, ಸುಮ್ಮನಾಯಿತು. ದ್ಯಾವ್ಯಾ ಕೈಕಟ್ಟಿ ಕೂತಿದ್ದ.

"ಅವ್ವಾ, ಒತ್ತಲಿಲ್ಲ ನೋಡು!"

"ಅಯ್ಯೋ ನನ್ನ ಕರ್ಮವೇ! ಫೋನ್ ಬಂದ್ರ ಎತ್ತಬೇಕೋ, ಕೇಳಿದ್ದು ಹೇಳಬೇಕು!"

"ಆತವ್ವಾ!"

ಮತ್ತೆ ಫೋನು. "ನಾ ನಿಮ್ಮ ಸ್ವಾದರಮಾವ, ನಿಮ್ಮವ್ವನ ಅಣ್ಣ. ನಿನ್ನ ಫೋನಿಗೆ ಈಗ ಬಂದ ನಂಬರ್ ಹೇಳೋ." "ಬರಕೋ ಮಾವಾ" ಅಂತ ದ್ಯಾವ್ಯಾ ಹೇಳತೊಡಗಿದ. ಕಲ್ಲವ್ವ ರೊಟ್ಟಿ ಸೀಯಲು ಬಿಟ್ಟು ಹಾರಿ ಬಂದು ಫೋನು ಕಸಿದಳು.

"ಕಳ್ಳ ಅವ! ನಿನಗೆಲ್ಲಿ ಮಾವ? ನಾ ನಿಮ್ಮ ಮಾವ, ನಾ ನಿಮ್ಮವ್ವ ಅಂತ ಯಾರ ಬರ್ಲಿ, ನಂಬಬ್ಯಾಡ! ನಂಬರೂ ಹೇಳಬ್ಯಾಡ, ಫೋನೂ ಕೊಡಬ್ಯಾಡ!"

"ಆತವ್ವಾ!"

ಕಳ್ಳ ಮತ್ತೆ ಫೋನು ಮಾಡಿದ. ಬ್ಯಾಂಕಿನವ ಅಂದ, ಪೊಲೀಸ್ ಅಂದ, ಕಡೆಗೆ ಅತ್ತ. ದ್ಯಾವ್ಯಾನದು ಒಂದೇ ಮಾತು: "ನಮ್ಮವ್ವ ಬ್ಯಾಡ ಅಂದಾಳ!" ಕಳ್ಳ ಸೋತು ಫೋನಿಟ್ಟ.

ಕಲ್ಲವ್ವನ ಎದೆ ಉಬ್ಬಿತು. ಕಣ್ಣಲ್ಲಿ ನೀರು. ಓಣಿಗೆಲ್ಲ ಸಾರಿದಳು: "ಆ ಏಳು ಕಾವಲು ಒಂದ ಕಡೆ, ನನ್ನ ಮಗ ಒಂದ ಕಡೆ!" ನನಗೂ ಹೆಮ್ಮೆಯೇ ಆಯಿತು ನೋಡ್ರಿ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಮದುವೆ ಮನೆಯವರು ಮತ್ತೆ ಫೋನು ಮಾಡಿದರು. ದ್ಯಾವ್ಯಾ ಎತ್ತಿದ. ಕಲ್ಲವ್ವ ಕೈ ಚಾಚಿದಳು.

"ಕೊಡಪ್ಪಾ, ನಾ ಮಾತಾಡ್ತೀನಿ."

"ಯಾರು ನೀ?"

"ನಾ ನಿಮ್ಮವ್ವನೋ!"

ದ್ಯಾವ್ಯಾ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದ. ಕಲ್ಲವ್ವ ನಿಂತಲ್ಲಿಂದಲೇ ಕೂಗಿದಳು: "ಎಷ್ಟ ಬೇಕಾದ್ರೂ ರೊಟ್ಟಿ ಮಾಡಿ ಕೊಡ್ತೀನ್ರೀ!"

ದ್ಯಾವ್ಯಾ ಎದೆ ಸೆಟೆಸಿ, ಫೋನನ್ನು ಬಾಯಿಗೆ ಹಿಡಿದು ಹೇಳಿದ: "ನಂಬಬ್ಯಾಡ್ರಿ! ಇಲ್ಲಿ ಯಾರೋ ನಮ್ಮವ್ವ ಅಂತ ಹೇಳ್ಕೊಂಡು ಬಂದಾರ!"